ಡ್ರಮ್ ಗ್ರಿಲ್: ಅಲ್‌ಫಹಮ್ ಸುಡುವ ಮೊದಲು

ಗಲ್ಫ್‌ನಿಂದ ಬಂದ ಅಲ್‌ಫಹಮ್ ಈಗ ಕಾಸರಗೋಡಿನ ಹೋಟೆಲ್‌ಗಳ ಖಾಯಂ ಐಟಂ. ಅರಬಿಯಲ್ಲಿ 'ಫಹಮ್' ಎಂದರೆ ಇದ್ದಿಲು. 200 ಲೀಟರ್‌ನ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ವಿಜಾಗರಿ ಹಾಕಿದರೆ ಮನೆಯಂಗಳದಲ್ಲೂ ಸುಡಬಹುದು.

ಡ್ರಮ್: ಅಡುಗೆ ಎಣ್ಣೆ ತುಂಬಿದ್ದದ್ದು ಒಳ್ಳೆಯದು. ಥಿನ್ನರ್ ಇದ್ದದ್ದು ಬೇಡ. ಉಳಿದ ಆವಿಗೆ ಕಟ್ಟರ್‌ನ ಕಿಡಿ ತಾಗಿದರೆ ಸ್ಫೋಟವಾಗಬಹುದು. ಕೀಟನಾಶಕದ ಡ್ರಮ್ ಬೇಡವೇ ಬೇಡ ಎಂದು ಎಂಡೋಸಲ್ಫಾನ್ ಕಂಡ ಜಿಲ್ಲೆಗೆ ಬೇರೆ ಹೇಳಬೇಕಿಲ್ಲ. ಮೊದಲ ಸಲ ಬಯಲಲ್ಲಿ ಖಾಲಿ ಡ್ರಮ್‌ನೊಳಗೆ ಜೋರು ಬೆಂಕಿ ಹಾಕಿ ಪೈಂಟ್ ಸುಟ್ಟುಬಿಡಿ.

ಬೆಂಕಿ: ಗೆರಟೆ ಇದ್ದಿಲಿಗೆ ಕಾವು ಹೆಚ್ಚು. ಸೀಮೆಎಣ್ಣೆ ಸುರಿಯಬೇಡಿ. ಕೆಂಡದ ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆ ಅದನ್ನು ಒಂದು ಬದಿಗೆ ಸರಿಸಿ, ಕೋಳಿಯನ್ನು ಇನ್ನೊಂದು ಬದಿಗಿಟ್ಟು ಮುಚ್ಚಿ. ಕೆಳಗಿನ ಗಾಳಿತೂತು ತೆರೆದರೆ ಕಾವು ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ.

ಬೇಯುವಿಕೆ: ಹೊರಗೆ ಕಪ್ಪಾದರೆ ಒಳಗೆ ಬೆಂದಿದೆ ಎಂದಲ್ಲ. ತೊಡೆಯ ದಪ್ಪ ಭಾಗದಲ್ಲಿ ಥರ್ಮಾಮೀಟರ್ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಹಸಿ ಮಾಂಸದ ತಟ್ಟೆಯಲ್ಲೇ ಬೆಂದದ್ದನ್ನು ಬಡಿಸಬೇಡಿ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿಷಾಹಾರದಿಂದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟದ್ದನ್ನು ಜಿಲ್ಲೆ ಮರೆತಿಲ್ಲ.

ನಿರ್ವಹಣೆ: ಸುಟ್ಟಾದ ಮೇಲೆ ತೂತುಗಳನ್ನೆಲ್ಲ ಮುಚ್ಚಿ, ಕೆಂಡ ಆರುತ್ತದೆ, ಮಿಕ್ಕ ಇದ್ದಿಲು ಮುಂದಿನ ಸಲಕ್ಕಾಯಿತು. ಬೂದಿ ಪೂರ್ತಿ ತಣಿದ ಮೇಲೆ ತೆಗೆಯಿರಿ. ಮಳೆಗಾಲದಲ್ಲಿ ಒದ್ದೆ ಬೂದಿ ಕಬ್ಬಿಣವನ್ನೇ ತಿಂದುಬಿಡುತ್ತದೆ. ಜಾಲರಿಗೆ ಎಣ್ಣೆ ಸವರಿಡಿ.

ಮಳೆ ಬಂತೆಂದು ಉರಿಯುವ ಡ್ರಮ್ಮನ್ನು ಮನೆಯೊಳಗೆ ಎಳೆಯಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ.