ನಂಜು ಮತ್ತು ಪ್ರತಿವಿಷ: ಹಾವು ಕಡಿತದ ಚಿಕಿತ್ಸೆಯಲ್ಲಿ ಅಡ್ರಿನಾಲಿನ್‌ – ಒಂದು ಚಾರಿತ್ರಿಕ ಅವಲೋಕನ

ಕನ್ನಡದ ಜನಪದ ವೈದ್ಯ ಪರಂಪರೆಯಲ್ಲಿ ‘ನಂಜು’ ಎಂಬ ಪದಕ್ಕೆ ವಿಶಾಲವಾದ ಅರ್ಥವ್ಯಾಪ್ತಿ ಇದೆ. ಹಾವಿನ ವಿಷವೂ ನಂಜು, ಗಾಯ ಕೀತುಕೊಂಡರೆ ಅದೂ ನಂಜು, ಮೈಗೆ ಒಗ್ಗದ ಬದನೆಕಾಯಿಯೂ ನಂಜಿನ ಪದಾರ್ಥ. ಹೊರಗಿನಿಂದ ಬಂದ ವಿಷಕ್ಕೂ ದೇಹವೇ ತೋರುವ ಪ್ರತಿಕ್ರಿಯೆಗೂ ಇಲ್ಲಿ ಒಂದೇ ಹೆಸರು. ಮೈಮೇಲೆ ದದ್ದುಗಳೆದ್ದರೆ ಅದನ್ನು ‘ಪಿತ್ತಗಂಧೆ’ ಎಂದು ಕರೆದು ಕಂಬಳಿ ಹೊದಿಸುವ ರೂಢಿಯೂ ಉಂಟು. ವಿಷ ಮತ್ತು ಪ್ರತಿಕ್ರಿಯೆ ಎಂಬ ಈ ಎರಡನ್ನು ಬೇರೆಬೇರೆಯಾಗಿ ಗುರುತಿಸಲು ಆಧುನಿಕ ವೈದ್ಯಕ್ಕೂ ಬಹುಕಾಲ ಹಿಡಿಯಿತು. ಹಾವು ಕಡಿತದ ಚಿಕಿತ್ಸೆಯಲ್ಲಿ ಮದ್ದೇ ಕೆಲವೊಮ್ಮೆ ನಂಜಾಗುವುದರಿಂದ ಆ ಚರಿತ್ರೆ ಅಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ.

1890ರಲ್ಲಿ ಬೇರಿಂಗ್ ಮತ್ತು ಕಿತಸಾತೊ ಅವರು ರೋಗನಿರೋಧ ಪಡೆದ ಪ್ರಾಣಿಯ ರಕ್ತದ ಸೀರಂ ಮತ್ತೊಂದು ಜೀವಿಯನ್ನು ರಕ್ಷಿಸಬಲ್ಲದೆಂದು ತೋರಿಸಿದರು. ಇದೇ ತತ್ತ್ವವನ್ನು ಅನುಸರಿಸಿ 1894ರಲ್ಲಿ ಆಲ್ಬರ್ ಕಾಲ್ಮೆಟ್ ಅವರೂ, ಅವರಿಂದ ಪ್ರತ್ಯೇಕವಾಗಿ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಅವರೂ ಹಾವಿನ ವಿಷಕ್ಕೆ ಪ್ರತಿವಿಷವನ್ನು ಪ್ಯಾರಿಸ್ಸಿನಲ್ಲಿ ಪ್ರಕಟಪಡಿಸಿದರು. ಕುದುರೆಗೆ ಅಲ್ಪ ಪ್ರಮಾಣದಲ್ಲಿ ವಿಷವನ್ನು ಚುಚ್ಚಿ, ಅದರ ರಕ್ತದಿಂದ ಪ್ರತಿವಿಷವನ್ನು ಪಡೆಯುವ ಪದ್ಧತಿ ರೂಢಿಗೆ ಬಂದಿತು. ಆದರೆ ಸೀರಂನ ಅಪಾಯವೂ ಅದೇ ದಶಕದಲ್ಲಿ ಪ್ರಕಟವಾಯಿತು. 1896ರಲ್ಲಿ ಬರ್ಲಿನ್ ನಗರದಲ್ಲಿ ಡಿಫ್ತೀರಿಯಾ ಸೀರಂ ಪಡೆದ ಮಗುವೊಂದು ಸ್ವಲ್ಪ ಹೊತ್ತಿನಲ್ಲೇ ಅಸುನೀಗಿತು. ಆ ಮಗುವಿನ ತಂದೆ ಸ್ವತಃ ರೋಗಶಾಸ್ತ್ರಜ್ಞರಾಗಿದ್ದರು.

ಈ ಬಗೆಯ ಸಾವಿನ ಮೇಲೆ ಬೆಳಕು ಚೆಲ್ಲಿದ್ದು ಸಮುದ್ರಯಾನವೊಂದರಿಂದ ಮೊದಲಾದ ಸಂಶೋಧನೆ. 1901ರಲ್ಲಿ ಮೊನಾಕೊದ ರಾಜಕುಮಾರ ಒಂದನೆಯ ಆಲ್ಬರ್ಟನ ಹಡಗಿನಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡಿದರು. ಫ್ರಾನ್ಸಿಗೆ ಮರಳಿ ಪ್ರಯೋಗ ಮುಂದುವರಿಸಿದಾಗ, ಮೊದಲ ಪ್ರಮಾಣವನ್ನು ತಾಳಿಕೊಂಡಿದ್ದ ನೆಪ್ಚೂನ್ ಎಂಬ ನಾಯಿ ಕೆಲವು ವಾರಗಳ ತರುವಾಯ ಅತ್ಯಲ್ಪ ಪ್ರಮಾಣಕ್ಕೇ ಉಸಿರುಗಟ್ಟಿ ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆ ದೊರೆಯಬೇಕಾದಲ್ಲಿ ಅದಕ್ಕೆ ವಿರುದ್ಧವಾದುದು ಘಟಿಸಿದ್ದರಿಂದ 1902ರಲ್ಲಿ ಈ ಸ್ಥಿತಿಗೆ ‘ಅನಾಫಿಲ್ಯಾಕ್ಸಿಸ್’ ಎಂಬ ಹೆಸರು ಬಂದಿತು. ರಿಶೆಗೆ 1913ರ ನೊಬೆಲ್ ಪ್ರಶಸ್ತಿ ಸಂದಿತು. 1905ರಲ್ಲಿ ಪಿರ್ಕೆ ಮತ್ತು ಶಿಕ್ ಅವರು ಸೀರಂ ರೋಗವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದರು.

ಈ ಆಪತ್ತಿಗೆ ಮದ್ದಾಗಬಲ್ಲ ವಸ್ತು ಅಷ್ಟರಲ್ಲಿ ದೊರೆತಾಗಿತ್ತು. ಮೂತ್ರಪಿಂಡದ ಮೇಲಿನ ಗ್ರಂಥಿಯ ಸಾರವು ರಕ್ತದೊತ್ತಡವನ್ನು ಏರಿಸುತ್ತದೆಂದು ಆಲಿವರ್ ಮತ್ತು ಷೇಫರ್ 1890ರ ದಶಕದ ಮಧ್ಯದಲ್ಲಿ ಕಂಡುಕೊಂಡಿದ್ದರು. 1900ರಲ್ಲಿ ನ್ಯೂಯಾರ್ಕಿನಲ್ಲಿ ಜಪಾನಿನ ಜೋಕಿಚಿ ತಕಮಿನೆ ಮತ್ತು ಅವರ ಸಹಾಯಕ ಕೆಯ್ಜೊ ಉಎನಾಕ ಅದರ ಸತ್ತ್ವವನ್ನು ಸ್ಫಟಿಕರೂಪದಲ್ಲಿ ಬೇರ್ಪಡಿಸಿದರು. ಅದೇ ಅಡ್ರಿನಾಲಿನ್. ತೀವ್ರ ಅಲರ್ಜಿಯಲ್ಲಿ ರಕ್ತನಾಳಗಳು ಹಿಗ್ಗಿ ದ್ರವ ಸೋರುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಅಡ್ರಿನಾಲಿನ್ ರಕ್ತನಾಳಗಳನ್ನು ಕುಗ್ಗಿಸಿ, ಶ್ವಾಸನಾಳವನ್ನು ಸಡಿಲಿಸಿ, ಹೃದಯಕ್ಕೆ ಬಲ ನೀಡುತ್ತದೆ. ಬಳಿಕ ಬಂದ ಆಂಟಿಹಿಸ್ಟಮಿನ್ ಔಷಧಗಳು ತುರಿಕೆ ಮತ್ತು ದದ್ದುಗಳನ್ನು ಶಮನಗೊಳಿಸುತ್ತವೆಯೇ ಹೊರತು ಇದರ ಸ್ಥಾನವನ್ನು ತುಂಬಲಾರವು.

ಭಾರತದಲ್ಲಿ ಮುಂಬಯಿಯ ಹಾಫ್ಕಿನ್ ಸಂಸ್ಥೆ ಮತ್ತು ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಗಳು ಪ್ರತಿವಿಷವನ್ನು ತಯಾರಿಸಿದವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಒಂದೇ ಸಂಯುಕ್ತ ಪ್ರತಿವಿಷ ಇಲ್ಲಿ ಬಳಕೆಯಲ್ಲಿದೆ. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಒದಗಿಸುತ್ತ ಬಂದವರು ತಮಿಳುನಾಡಿನ ಇರುಳರು. ಅವರ ಹಾವು ಹಿಡಿಯುವವರ ಸಹಕಾರ ಸಂಘ 1978ರಲ್ಲಿ ಸ್ಥಾಪನೆಯಾಯಿತು. ಸಮುದಾಯವೊಂದರ ಪಾರಂಪರಿಕ ಜ್ಞಾನವು ಆಸ್ಪತ್ರೆಯ ಔಷಧಕ್ಕೆ ತಳಹದಿಯಾದ ನಿದರ್ಶನವಾಗಿ ಇದು ಗಮನಾರ್ಹ.

ಪ್ರತಿವಿಷದ ಪ್ರತಿಕ್ರಿಯೆ ರಿಶೆಯ ನಾಯಿಯ ಪ್ರಸಂಗಕ್ಕಿಂತ ಒಂದು ಅಂಶದಲ್ಲಿ ಭಿನ್ನ. ಕುದುರೆಯ ಸೀರಂ ಹಿಂದೆಂದೂ ಪಡೆಯದವರಲ್ಲಿಯೂ ಅದು ಮೊದಲ ಬಾರಿಗೇ ತಲೆದೋರಬಹುದು. ಆದ್ದರಿಂದ ಚರ್ಮದ ಮೇಲಿನ ಪರೀಕ್ಷೆ ಅದನ್ನು ಮುಂಗಾಣಲಾರದು. ಭಾರತದ ಚಿಕಿತ್ಸಾ ಮಾರ್ಗಸೂಚಿಗಳು ಆ ಪರೀಕ್ಷೆಯನ್ನು ಕೈಬಿಟ್ಟಿವೆ. ಪ್ರತಿಕ್ರಿಯೆಯ ಮೊದಲ ಲಕ್ಷಣ ಕಂಡೊಡನೆ ಪ್ರತಿವಿಷವನ್ನು ನಿಲ್ಲಿಸಿ, ವಯಸ್ಕರಿಗೆ 0.5 ಮಿಲಿಗ್ರಾಂ ಅಡ್ರಿನಾಲಿನ್ನನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು. ರೋಗಿ ಚೇತರಿಸಿಕೊಂಡ ಮೇಲೆ ಪ್ರತಿವಿಷವನ್ನು ನಿಧಾನವಾಗಿ ಮುಂದುವರಿಸಬೇಕು. ಶ್ರೀಲಂಕಾದಲ್ಲಿ 1,007 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು, ಪ್ರತಿವಿಷಕ್ಕೆ ಮೊದಲೇ ಅಲ್ಪ ಪ್ರಮಾಣದ ಅಡ್ರಿನಾಲಿನ್ ನೀಡಿದರೆ ಮೊದಲ ಒಂದು ಗಂಟೆಯಲ್ಲಿ ತೀವ್ರ ಪ್ರತಿಕ್ರಿಯೆಗಳು ಶೇ. 43ರಷ್ಟು ತಗ್ಗುತ್ತವೆಂದು ತೋರಿಸಿತು. ಅದೇ ಅಧ್ಯಯನದಲ್ಲಿ ಹೈಡ್ರೊಕಾರ್ಟಿಸೋನ್ ಮತ್ತು ಪ್ರೊಮೆಥಜೀನ್ ಅಂಥ ಫಲ ನೀಡಲಿಲ್ಲ.

ಕರ್ನಾಟಕವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಣಿಕೆಯಷ್ಟೇ ಮುಖ್ಯವಾದುದು ಚಿಕಿತ್ಸಕರ ಧೈರ್ಯ. ಪ್ರತಿಕ್ರಿಯೆಗೆ ಅಂಜಿ ಪ್ರತಿವಿಷ ನೀಡದೆ ರೋಗಿಯನ್ನು ದೂರದ ಆಸ್ಪತ್ರೆಗೆ ಕಳುಹಿಸಿದರೆ ಹಾದಿಯಲ್ಲಿ ಕಳೆಯುವ ಹೊತ್ತೇ ಪ್ರಾಣಕ್ಕೆ ಎರವಾಗಬಹುದು. ಪ್ರತಿವಿಷದ ಪಕ್ಕದಲ್ಲಿ ಅಡ್ರಿನಾಲಿನ್ ಸಿದ್ಧವಾಗಿದ್ದಾಗ ಮಾತ್ರ ಹಳ್ಳಿಯ ಆರೋಗ್ಯ ಕೇಂದ್ರ ಆ ಹೊಣೆಯನ್ನು ಹೊರಬಲ್ಲದು.

ಜನಪದರ ತಿಳಿವಳಿಕೆಯೊಂದಿಗೆ ಈ ಚರಿತ್ರೆ ಕೂಡಿಕೊಳ್ಳುವ ಸ್ಥಳವೂ ಇದೇ ಆಗಿದೆ. ಒಗ್ಗದ ವಸ್ತು ಮೈಯನ್ನು ಕೆಣಕುತ್ತದೆಂಬುದನ್ನು ‘ನಂಜು’ ಎಂಬ ಪದ ಎಂದೋ ಗುರುತಿಸಿತ್ತು. ಗಂಧೆಯೊಡನೆ ಏದುಸಿರು, ವಾಂತಿ, ತಲೆಸುತ್ತು ಕಂಡುಬಂದರೆ ಅದು ಕಂಬಳಿಗೆ ಅಡಗುವ ಗಂಧೆಯಲ್ಲ ಎಂಬ ವಿವೇಕವನ್ನು ಆ ಹಳೆಯ ಪದಕ್ಕೆ ಸೇರಿಸಬೇಕಾಗಿದೆ.