ಬಳ್ಳಾರಿ ಜಾಲಿಯೂ ಕೊಪ್ಪಳದ ಬಯಲೂ

ಕೊಪ್ಪಳವೆಂಬ ಹೆಸರನ್ನು ಕೇಳಿದೊಡನೆಯೇ ವಿದ್ಯಾವಂತರಾದ ನಮ್ಮ ಶ್ರೋತೃಗಳ ಮನಸ್ಸು ಕಲ್ಲಿನ ಕಡೆಗೆ ಹರಿಯುವುದು ಸಹಜವೇ ಸರಿ. ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಕವಿರಾಜಮಾರ್ಗವು ತಿರುಳುಗನ್ನಡದ ನಾಡನ್ನು ಗೊತ್ತುಮಾಡುವಾಗ ಹೆಸರಿಸಿರುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಯಲಬುರ್ಗಿಯು ಸಿಂದರ ರಾಜಧಾನಿಯಾಗಿದ್ದ ಎರಂಬರಗೆ; ಗಂಗಾವತಿಯ ಮಗ್ಗುಲಲ್ಲಿಯೇ ಆನೆಗೊಂದಿ. ಇಷ್ಟನ್ನು ಪಾಠಪುಸ್ತಕಗಳೂ ಹೇಳುವುವು. ಆದರೆ ಈ ಊರುಗಳ ನಡುವೆ ಹರಡಿಕೊಂಡಿರುವ ಬಯಲಿಗೂ ಒಂದು ಚರಿತ್ರೆಯುಂಟು. ಅದನ್ನು ಬರೆಯುವ ಗೊಡವೆಗೆ ಹೋದವರು ಕಡಿಮೆ. ಹುಲ್ಲಿಗೆಂತಹ ಚರಿತ್ರೆಯೆಂದು ನಗುವವರು ಕಾಲು ಗಂಟೆ ನಗುವನ್ನು ತಡೆದುಕೊಂಡು ಕೇಳಬೇಕೆಂದು ನಮ್ಮ ಪ್ರಾರ್ಥನೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನ ಪಡುವಣ ಭಾಗವೇ ಇಂದಿನ ಕೊಪ್ಪಳ ಜಿಲ್ಲೆ. ಮಳೆ ಕಡಿಮೆ. ಯಲಬುರ್ಗಿ ಕುಷ್ಟಗಿಗಳ ಕಡೆಗೆ ಎರೆಯೂ ಮಸಾರಿಯೂ ಒಂದನ್ನೊಂದು ಹೊಕ್ಕು ಬಿದ್ದಿರುವ ಬಯಲು. ಗಂಗಾವತಿಯ ಕಡೆಗೆ ಗುಂಡುಕಲ್ಲಿನ ಗುಡ್ಡಗಳು. ಮಳೆ ಬಿದ್ದ ಒಂದೆರಡು ತಿಂಗಳು ಹುಲ್ಲು ಹಸುರಾಗಿದ್ದು, ಆಮೇಲೆ ಒಣಗಿ ಕರಡವಾಗಿ ನಿಲ್ಲುವುದು. ಅಲ್ಲೊಂದು ಇಲ್ಲೊಂದು ಬಾರಿಯ ಗಿಡ, ಕರಿಜಾಲಿ, ಬನ್ನಿ. ರೈಲಿನಲ್ಲಿ ಹೋಗುವವನ ಕಣ್ಣಿಗೆ ಇದು ಬರಿಯ ಬೀಳು. ಅಲ್ಲಿ ಬಾಳುವ ಪ್ರಾಣಿಗಳಿಗೋ ಆ ಬರಿದೇ ಕೋಟೆ. ಚಿಗರಿಗೆ ಕೊಂಬಿದ್ದರೂ ಅದು ನೆಚ್ಚಿರುವುದು ಕಣ್ಣನ್ನೂ ಕಾಲನ್ನೂ. ಹಗೆಯನ್ನು ದೂರದಿಂದ ಕಂಡು ಓಡಬಲ್ಲೆನೆಂಬ ಧೈರ್ಯವೇ ಅದರ ಬಾಳು. ನಮ್ಮವರು ಎರೆಲಡ್ಡು ಎಂದು ಕರೆಯುವ ದೊಡ್ಡ ಹಕ್ಕಿಯು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿಯ ನೆಲದ ಮೇಲೆ, ಇಡುವುದು. ಹತ್ತಿರದಲ್ಲಿ ಮರವೆದ್ದರೆ ಕಾಗೆಗೂ ಗಿಡುಗಕ್ಕೂ ಕಾವಲುಗೋಪುರವನ್ನು ಕಟ್ಟಿಕೊಟ್ಟಂತಾಯಿತು. ಇನ್ನು ತೋಳವು ಚಿಗರಿಯ ಹಿಂದೆಯೂ ಕುರಿಯ ಹಿಂದೆಯೂ ತಿರುಗುವ ಪ್ರಾಣಿ; ಅದಕ್ಕೆ ಬಯಲೇ ಬೇಟೆಯ ನೆಲ.

ಈ ಬಯಲು ನಿನ್ನೆ ಮೊನ್ನೆ ಕಾಡು ಕಡಿದು ಆದದ್ದೆಂದು ಹೇಳುವವರಿದ್ದಾರೆ. ಹಾಗಿದ್ದರೆ ಅದರ ಮೇಲೆ ಮರ ನೆಡುವುದು ಹಳೆಯ ಸಾಲವನ್ನು ತೀರಿಸಿದಂತೆ. ಆದರೆ ರಾಯಚೂರು ಬಳ್ಳಾರಿ ಸೀಮೆಗಳ ಬೂದಿದಿಬ್ಬಗಳನ್ನು ನೋಡಿರಿ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಇವು ಏನೆಂದು ತಲೆ ಕೆಡಿಸಿಕೊಂಡರು. ರಾಕ್ಷಸರ ಚಿತೆಗಳೆಂದು ಜನರು ನಂಬಿದ್ದುಂಟು. ಆಲ್ಚಿನ್ನರು 1957ರಲ್ಲಿ ಉತ್ನೂರಿನಲ್ಲಿ ಅಗೆದು ನೋಡಿದಾಗ ದನದ ದೊಡ್ಡಿಯ ಗುರುತುಗಳು ಕಂಡವು. ದಿಬ್ಬವೆಂದರೆ ಮತ್ತೆ ಮತ್ತೆ ಸುಟ್ಟ ಸಗಣಿಯ ರಾಶಿ. ಕಬ್ಬಿಣವನ್ನೇ ಅರಿಯದ ಕಾಲದ ಜನರು, ಇಂದಿಗೆ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ, ಇಲ್ಲಿ ಅಷ್ಟು ಮಂದೆಗಳನ್ನು ಸಾಕಿದರೆಂದ ಮೇಲೆ ಅವುಗಳಿಗೆ ಮೇವು ಎಲ್ಲಿಂದ ಬಂದಿರಬೇಕು? ಅಂದಿನಿಂದ ಇಂದಿನ ಹಾಲುಮತದ ಕುರುಬರವರೆಗೆ ಈ ನೆಲವು ಮೇವಿನ ನೆಲವಾಗಿಯೇ ಬಾಳಿದೆಯೆಂದು ಹೇಳಲು ನಮಗೆ ಸಂಕೋಚವಿಲ್ಲ.

ಕಂದಾಯದ ಲೆಕ್ಕಪತ್ರಗಳ ದೃಷ್ಟಿಯು ಬೇರೆ. 1948ರವರೆಗೆ ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಕೊಪ್ಪಳ ಯಲಬುರ್ಗಿಗಳು ಸಾಲಾರ ಜಂಗರ ಜಹಗೀರು. ಯಾರ ಆಳಿಕೆಯಾದರೂ ದಫ್ತರದವರಿಗೆ ಬೆಳೆ ಬೆಳೆವ ನೆಲವೊಂದು, ಮರ ಬೆಳೆವ ನೆಲವೊಂದು. ಇವೆರಡೂ ಅಲ್ಲದ್ದು ಬಂಜರು, ಪರಂಪೋಕು. ಊರ ದನಕರುಗಳಿಗೆಂದು ಬಿಟ್ಟ ಗಾಯರಾಣಕ್ಕೆ ಹೆಸರೇನೋ ಇದ್ದಿತು, ಬೆಲೆಯಿರಲಿಲ್ಲ. ಮೈಸೂರು ಸೀಮೆಯವರು ಈ ವಿಷಯದಲ್ಲಿ ಸ್ವಲ್ಪ ಭಾಗ್ಯವಂತರು. ಅಮೃತಮಹಲಿನ ದನಗಳ ನಿಮಿತ್ತ ಅಲ್ಲಿ ಹುಲ್ಲುಗಾವಲಿಗೆ ಕಾವಲೆಂಬ ಗೌರವದ ಹೆಸರೂ ಸರ್ಕಾರದ ರಕ್ಷಣೆಯೂ ಬಹುಕಾಲ ದೊರೆತವು. ಆ ಕಾವಲುಗಳೂ ಬಹುಮಟ್ಟಿಗೆ ಕರಗಿಹೋದವೆಂಬುದು ಬೇರೊಂದು ಕಥೆ.

ಇನ್ನು ಜಾಲಿಯ ಬರವನ್ನು ಹೇಳುತ್ತೇವೆ. 1876ರಲ್ಲಿ ಮದರಾಸು ಅಧಿಪತ್ಯದ ಅರಣ್ಯಾಧಿಕಾರಿಯಾಗಿದ್ದ ಲೆಫ್ಟಿನೆಂಟ್ ಕರ್ನಲ್ ಬೆಡ್ಡೋಮನು ಅಲ್ಲಿಯ ಕಂದಾಯ ಇಲಾಖೆಗೆ ಪತ್ರ ಬರೆದು, ಅಮೆರಿಕಾ ಖಂಡದ ಒಣ ಸೀಮೆಗಳಲ್ಲಿ ಬೆಳೆಯುವ ಪ್ರೊಸೋಪಿಸ್ ಎಂಬ ಗಿಡದ ಬೀಜಗಳನ್ನು ತರಿಸಿಕೊಡಬೇಕೆಂದು ಕೇಳಿದನು. ಜಮೈಕಾ ದ್ವೀಪದ ಬೀಜಗಳು ಬಂದು 1877ರಲ್ಲಿ ಕಮಲಾಪುರದಲ್ಲಿ ಬಿತ್ತಲ್ಪಟ್ಟುವು. ಇದು ಹಂಪೆಯ ಕಮಲಾಪುರವಲ್ಲ, ಕಡಪೆ ಸೀಮೆಯದು. ವರ್ಷಗಳನ್ನು ಗಮನಿಸಿರಿ: 1876ರಿಂದ 1878ರವರೆಗೆ ದಕ್ಷಿಣದಲ್ಲೆಲ್ಲ ಭೀಕರ ಕ್ಷಾಮ, ಬಳ್ಳಾರಿ ಸೀಮೆಯು ಅದರಲ್ಲಿ ಬಹಳ ನೊಂದಿತು. ಊರಿಗೆ ಸೌದೆಯಿಲ್ಲ, ರೈಲಿನ ಯಂತ್ರಗಳಿಗೂ ಸೌದೆಯೇ ಬೇಕು. ನೀರಿಲ್ಲದೆ ಬೆಳೆವ, ದನ ಮುಟ್ಟದ, ಕಡಿದರೂ ಚಿಗುರುವ ಮರವು ಅಂದು ವರದಂತೆ ಕಂಡದ್ದರಲ್ಲಿ ಆಶ್ಚರ್ಯವೇನು? ಬೆಡ್ಡೋಮನನ್ನು ನಿಂದಿಸುವುದು ಸುಲಭ. ಅಂದು ನಾವು ಆ ಪೀಠದಲ್ಲಿ ಕುಳಿತಿದ್ದರೆ ಬೇರೇನು ಮಾಡುತ್ತಿದ್ದೆವೋ!

ಮರದ ಹೆಸರುಗಳೇ ಅದರ ಸಂಚಾರವನ್ನು ಹೇಳುವುವು. ಹಿಂದಿಯವರು ಅದನ್ನು ವಿಲಾಯತಿ ಬಬೂಲವೆನ್ನುವರು, ತಮಿಳರು ಸೀಮೆ ಕರುವೇಲವೆನ್ನುವರು. ಎರಡರ ಅರ್ಥವೂ ಪರದೇಶದ ಜಾಲಿ. ತೆಲುಗರು ಸರ್ಕಾರಿ ತುಮ್ಮ ಎಂದು ಕರೆದು ತಂದವರು ಯಾರೆಂಬುದನ್ನು ಜ್ಞಾಪಕದಲ್ಲಿಟ್ಟುಕೊಂಡಿದ್ದಾರೆ. ಕಚ್ಛದ ಜನರು ಗಾಂಡೋ ಬಾವಳ, ಎಂದರೆ ಹುಚ್ಚು ಜಾಲಿ, ಎಂದುಬಿಟ್ಟರು. ಕನ್ನಡಿಗರಾದ ನಾವು ಮಾತ್ರ ಅದನ್ನು ಬಳ್ಳಾರಿಯ ತಲೆಗೆ ಕಟ್ಟಿ ಬಳ್ಳಾರಿ ಜಾಲಿಯೆಂದೆವು. ವಿಜಯದಶಮಿಯಂದು ಬಂಗಾರವೆಂದು ಹಂಚುವ ಬನ್ನಿಯೂ ಇದೇ ಕುಲದ ಮರವೆಂಬುದು ಇನ್ನೊಂದು ವಿನೋದ. ಬನ್ನಿಯ ನೆರಳಿನಲ್ಲಿ ಹುಲ್ಲೂ ಬೆಳೆಯುವುದು, ಜೋಳವೂ ಬೆಳೆಯುವುದು. ಈ ದಾಯಾದಿಯ ನೆರಳಿನಲ್ಲಿ ಹುಲ್ಲು ಸೊರಗುವುದು.

ತುಂಗಭದ್ರೆಯ ಆಚೆಗೆ ಮದರಾಸು, ಈಚೆಗೆ ನಿಜಾಮರ ನಾಡು. ಆದರೆ ಈ ಗಡಿಯನ್ನು ಕುರಿಯು ಅರಿಯದು. ಜಾಲಿಯ ಕಾಯಿ ಸಿಹಿ. ಎಲೆಯನ್ನು ಮೂಸಿಯೂ ನೋಡದ ಕುರಿ, ಆಡು, ದನಗಳು ಕಾಯನ್ನು ಆಸೆಯಿಂದ ತಿನ್ನುವುವು. ಗಟ್ಟಿಯಾದ ಬೀಜವು ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯೊಡನೆ, ಗೊಬ್ಬರದೊಡನೆಯೇ, ನೆಲಕ್ಕೆ ಬೀಳುವುದು. ಇದಕ್ಕಿಂತ ಚೆನ್ನಾದ ಬಿತ್ತನೆಯನ್ನು ಯಾವ ಒಕ್ಕಲಿಗನು ಮಾಡಿಯಾನು? ಹೀಗೆ ಹುಲ್ಲಿನಿಂದ ಬಾಳುವ ಮಂದೆಯೇ ಹುಲ್ಲಿನ ಹಗೆಯನ್ನು ಬಿತ್ತುತ್ತ ಹೋಯಿತು. ಬೇಲಿಗೆಂದು ಜನರು ಬೆಳೆಸಿದ್ದೂ ಉಂಟು. ಕೆರೆಯಂಗಳ, ಹಳ್ಳದ ದಂಡೆ, ಗಾಯರಾಣ, ಯಾರೂ ಕೇಳುವವರಿಲ್ಲದ ಕಡೆಗಳಲ್ಲೆಲ್ಲ ಅದು ನೆಲೆಯೂರಿತು. ಮುಳ್ಳು ಕುರಿಯ ಗೊರಸಿಗೆ ನೆಟ್ಟು ಕೀವಾಗುವುದು. ಉಣ್ಣೆಯು ಕೊಂಬೆಗೆ ಸಿಕ್ಕಿ ಹರಿಯುವುದು. ಚಿಗರಿಯು ಅಂತಹ ಮೆಳೆಯೊಳಗೆ ಕಣ್ಣು ಕಟ್ಟಿದಂತಾಗಿ ಹೊಲಗಳ ಕಡೆಗೆ ಹೊರಳುವುದು. ಆಮೇಲೆ ರೈತನಿಗೂ ಅದಕ್ಕೂ ಜಗಳ.

ಇದೇ ಮರಕ್ಕೆ ಜೋಧಪುರ ಸಂಸ್ಥಾನವು 1940ರಲ್ಲಿ ರಾಜವೃಕ್ಷವೆಂಬ ಪದವಿಯನ್ನು ಕೊಟ್ಟಿತು. ಇನ್ನೊಂದು ಸಂಸ್ಥಾನದ ಕಥೆಯು ಇದಕ್ಕೆ ಎದುರು ದಿಕ್ಕಿನದು. ಭಾವನಗರದ ಮಹಾರಾಜರು ವೇಳಾವದರದ ಹುಲ್ಲಿನ ಬಯಲನ್ನು ತಮ್ಮ ಬೇಟೆಗಾಗಿ ಕಾದಿರಿಸಿಕೊಂಡು, ಪಳಗಿಸಿದ ಸಿವಂಗಿಗಳನ್ನು ಚಿಗರಿಗಳ ಮೇಲೆ ಬಿಡುತ್ತಿದ್ದರು. ಬೇಟೆಯ ಚಟವೇ ಬಯಲನ್ನು ಉಳಿಸಿತೆಂದು ಹೇಳಬೇಕಾಗಿ ಬಂದಿರುವುದು ವಿಚಿತ್ರವಾದರೂ ನಿಜ. ಅದು 1976ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಗೂ ಈ ಜಾಲಿಯು ನುಗ್ಗಿತು. ಅರಣ್ಯ ಇಲಾಖೆಯವರೇ ಅದನ್ನು ಕಿತ್ತು ಹುಲ್ಲಿಗೆ ಎಡೆಮಾಡಿಕೊಡುವ ಕೆಲಸವನ್ನು ಕೈಕೊಂಡರು. ಮರವನ್ನು ಕಾಯುವುದೇ ಧರ್ಮವೆಂದು ಕಲಿತ ಇಲಾಖೆಯು ಮರ ಕಡಿಯಲು ಕೊಡಲಿ ಹಿಡಿದದ್ದು ಸಣ್ಣ ಸಂಗತಿಯಲ್ಲ.

ಕರ್ನಾಟಕದಲ್ಲಿ ಆ ಬುದ್ಧಿಯು ತಡವಾಗಿ ಬಂದಿತು. ರಾಣೆಬೆನ್ನೂರಿನ ಕುರುಚಲು ಬಯಲಿನಲ್ಲಿ 1950ರ ದಶಕದಿಂದ ನೀಲಗಿರಿಯನ್ನು ನೆಡುತ್ತ ಬಂದರು. 1974ರಲ್ಲಿ ಅದನ್ನೇ ಕೃಷ್ಣಮೃಗಗಳ ಅಭಯಾರಣ್ಯವೆಂದು ಸಾರಿದರು. ಚಿಗರಿಗೆ ಮನೆಯನ್ನು ಕೊಟ್ಟು ಮನೆಯ ತುಂಬ ಕಂಬಗಳನ್ನು ನಿಲ್ಲಿಸಿದಂತಾಯಿತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಲಡ್ಡು ಈಗ ಇಲ್ಲ. ನಮ್ಮ ರಾಜ್ಯದಲ್ಲಿ ಅದರ ಕೊನೆಯ ನೆಲೆಯು ಬಳ್ಳಾರಿಯ ಸಿರುಗುಪ್ಪ ಸೀಮೆ. ಅಲ್ಲಿಯೂ ಬೆರಳೆಣಿಕೆಯಷ್ಟು ಮಾತ್ರ. ಗಂಗಾವತಿಯ ಕಥೆಯಲ್ಲಿ ಜಾಲಿಯನ್ನು ಒಂದನ್ನೇ ದೂರುವುದು ನ್ಯಾಯವಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಆ ಬಯಲನ್ನು ಬತ್ತದ ಕಣಜವಾಗಿ ಮಾಡಿತು. ಕುಷ್ಟಗಿ ಯಲಬುರ್ಗಿಗಳಲ್ಲಿ ಈಚೆಗೆ ಗಾಳಿಯಂತ್ರಗಳೂ ಎದ್ದಿವೆ. ಉಳಿದ ಹುಲ್ಲು ಅಷ್ಟು ಕಡಿಮೆಯಾದುದರಿಂದಲೇ, ಅದರ ಮೇಲೆ ಏರಿ ಬರುವ ಮರದ ಮಾತನ್ನು ಇಷ್ಟು ಬೆಳಸಿ ಹೇಳಬೇಕಾಗಿದೆ.

ಹಾಗಾದರೆ ಕಡಿದುಬಿಡೋಣವೆ? ಕಡಿಯಬೇಕೆಂಬುದೇ ನಮ್ಮ ಮತ. ಆದರೆ ಈ ಮತಕ್ಕೆ ಎದುರಾದ ಆಕ್ಷೇಪಣೆಯೊಂದಿದೆ; ಅದನ್ನು ಹಗುರವಾಗಿ ಎಣಿಸಲಾಗದು. ನೂರೈವತ್ತು ವರ್ಷಗಳಲ್ಲಿ ಈ ಮುಳ್ಳು ಬಡವರ ಒಲೆಯನ್ನು ಸೇರಿದೆ. ಹೊಲವಿಲ್ಲದ ಹೆಂಗಸರು ತಲೆಯ ಮೇಲೆ ಹೊತ್ತು ತರುವ ಸೌದೆಯು ಇದೇ. ಇದ್ದಿಲು ಸುಟ್ಟು ಮಾರಿ ಬಾಳುವ ಮನೆಗಳೂ ಇವೆ. ಕ್ಷಾಮದ ಕಾಲದಲ್ಲಿ ಬೆಡ್ಡೋಮನು ಬಯಸಿದ ಉಪಕಾರವನ್ನು ಮರವು ಮಾಡಿಯೇ ಇದೆ, ಅದು ಸುಳ್ಳಲ್ಲ. ಆದುದರಿಂದ ಕಡಿದ ಸೌದೆಯು ಯಾರಿಗೆ ಸೇರಬೇಕು, ಮುಂದೆ ಅವರ ಒಲೆಗೆ ಏನು ಎಂಬುದನ್ನು ಮೊದಲು ಗೊತ್ತುಮಾಡಿ ಆಮೇಲೆ ಕೊಡಲಿಯನ್ನೆತ್ತುವುದು ಯುಕ್ತ. ಊರ ಬೇಲಿಯ ಜಾಲಿ ಊರಿಗಿರಲಿ; ಗಾಯರಾಣದ ನಡುಬಯಲು ಬಯಲಾಗಲಿ.

ಕೊಡಲಿಯಿಂದ ಮಾತ್ರ ಕೆಲಸವಾಗದೆಂಬುದನ್ನೂ ಹೇಳಬೇಕು. ಬುಡದ ಮೇಲೆ ಕಡಿದರೆ ಒಂದು ಕಾಂಡದ ಬದಲು ಹತ್ತು ಚಿಗುರು ಏಳುವುವು; ಬೇರಿನ ಗಡ್ಡೆಯನ್ನೇ ಅಗೆದು ತೆಗೆಯಬೇಕು. ಹಾಗೆ ತೆಗೆದ ಮೇಲೆಯೂ ನೆಲದಲ್ಲಿ ಬೀಜ ಕಾದಿರುತ್ತದೆ. ಕೆಲವು ಮಳೆಗಾಲ ಸಸಿಗಳನ್ನು ಕಿತ್ತೆಸೆಯುತ್ತಲೇ ಇರಬೇಕು. 2017ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಈ ಮರವನ್ನು ತೆಗೆಯಬೇಕೆಂದು ಅಪ್ಪಣೆಮಾಡಿದಾಗ ತಮಿಳುನಾಡಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಗದ್ದಲದ ಉತ್ಸಾಹವು ಒಂದು ಬೇಸಗೆ ಬಾಳುವುದು, ಜಾಲಿಯ ಬೀಜವು ಬಹುಕಾಲ ಬಾಳುವುದು. ಅಮೆರಿಕದ ಪಶ್ಚಿಮ ಸಂಸ್ಥಾನಗಳಲ್ಲಿ ಜೂನಿಪರ್ ಮರಗಳು ಇದೇ ರೀತಿ ಬಯಲನ್ನು ಏರಿ ಬಂದು ಸೇಜ್ ಗ್ರೌಸ್ ಎಂಬ ನೆಲದ ಹಕ್ಕಿಯನ್ನು ಓಡಿಸಿದ್ದುವು. 2010ರಿಂದ ಅಲ್ಲಿಯ ಸರ್ಕಾರವು ದನಗಾಹಿಗಳನ್ನೇ ಜೊತೆಗಿಟ್ಟುಕೊಂಡು ಮರಗಳನ್ನು ತೆಗೆಸುತ್ತ ಬಂದಿತು; ತೆರವಾದ ಕಡೆಗಳಿಗೆ ಕೆಲವೇ ವರ್ಷಗಳಲ್ಲಿ ಹೇಂಟೆಗಳು ಮರಳಿ ಬಂದು ಗೂಡು ಮಾಡಿದುವು. ದನಗಾಹಿಗಳನ್ನು ಜೊತೆಗಿಟ್ಟುಕೊಂಡರೆಂಬ ಮಾತನ್ನು ನಮ್ಮ ಅಧಿಕಾರಿಗಳು ಎರಡು ಸಲ ಕೇಳುವುದು ಒಳ್ಳೆಯದು. ಕೊಪ್ಪಳದಲ್ಲಿ ಹುಲ್ಲನ್ನು ಹೆಸರು ಹಿಡಿದು ಬಲ್ಲವರು ಕುರುಬರು. ತೋಳವು ಒಯ್ಯುವ ಮರಿಯನ್ನು ಅದರ ಪಾಲೆಂದು ಬಿಡುವ ಹಿರಿಯರು ಅವರಲ್ಲಿ ಇನ್ನೂ ಇದ್ದಾರೆ.

ಈ ತೋಳಗಳ ಮಾತಿಗಾಗಿಯೇ ಗಂಗಾವತಿ ಸೀಮೆಯ ಬಂಕಾಪುರದ ಹೆಸರು ಈಚೆಗೆ ಪತ್ರಿಕೆಗಳಲ್ಲಿ ಕಂಡದ್ದು. ಅಲ್ಲಿಯ 332 ಎಕರೆ ಗುಡ್ಡಗಾಡನ್ನು ತೋಳಗಳ ಧಾಮವಾಗಿ ಮಾಡಿದ್ದಾರೆ. ನಮ್ಮ ದೇಶದಲ್ಲಿ ತೋಳಕ್ಕೆಂದು ಮೀಸಲಾದ ನೆಲ ಇದಕ್ಕೆ ಮೊದಲು 1976ರ ಮಹುವಾಡಾಂಡ್ ಒಂದೇ. ಅದು ಈಗಿನ ಝಾರ್ಖಂಡಿನಲ್ಲಿದೆ. 2025ರಲ್ಲಿ ಬಂಕಾಪುರದ ತೋಳವೊಂದು ಎಂಟು ಮರಿಗಳನ್ನು ಹಾಕಿತೆಂಬ ವಾರ್ತೆಯು ಬಂದಿತು. 332 ಎಕರೆ ಒಂದು ತೋಳದ ಒಂದು ರಾತ್ರಿಯ ತಿರುಗಾಟಕ್ಕೂ ಸಾಲದು. ಬಂಡೆಯ ಗವಿಯಲ್ಲಿ ಹುಟ್ಟಿದ ಆ ಮರಿಗಳು ಬೆಳೆದು ಬೇಟೆಗೆ ಇಳಿಯುವುದು ಧಾಮದ ಎಲ್ಲೆಯಾಚೆ, ಕುಷ್ಟಗಿ ಯಲಬುರ್ಗಿಗಳ ಕಡೆಗೆ ಚಾಚಿರುವ ಗಾಯರಾಣಗಳಿಗೆ. ಅಲ್ಲಿ ಕುರಿಯ ಮಂದೆಗಳು ರಾತ್ರಿ ತಂಗುತ್ತವೆ, ಜಾಲಿಯು ವರ್ಷವರ್ಷಕ್ಕೆ ಒಂದೊಂದು ಮಾರು ಮುಂದಕ್ಕೆ ಬರುತ್ತಿದೆ.