ಒಳಗಿನ ಬಿಸಿ ಹೇಳಿದ ಗಾಜಿನ ಎಳೆ

ಸ್ಮರಣ ಸಂಚಿಕೆ ಸಮಿತಿಯ ಇಬ್ಬರು ಮನೆಗೇ ಬಂದು, "ಫೈಬರ್ ಸೆನ್ಸರ್ ಬಳಗದ ಕಥೆ ನೀವೇ ಬರೀಬೇಕು ಸಾರ್, ಎರಡು ಪುಟಕ್ಕೆ ಮೀರದ ಹಾಗೆ" ಎಂದು ಕೂತುಬಿಟ್ಟರು. ನಾನು ವಿಜ್ಞಾನಿಯಲ್ಲ, ಲೇ-ಅಪ್ ಕೋಣೆಯಲ್ಲಿ ಕಾರ್ಬನ್ ಪದರ ಹಾಸುತ್ತಿದ್ದವನು. ಆದ್ದರಿಂದ ಕಥೆ ನಮ್ಮ ಮೇಜಿನ ಕಡೆಗೆ ಸ್ವಲ್ಪ ವಾಲಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆಗಿನ ಕಷ್ಟ ಏನೆಂದು ಈಗಿನ ಹುಡುಗರಿಗೆ ಹೇಳಬೇಕು. ರೆಸಿನ್ ಹೀರಿಸಿದ ಕಾರ್ಬನ್ ಬಟ್ಟೆಯನ್ನು ಫ್ರೀಜರಿನಿಂದ ತೆಗೆದು, ಪದರದ ಮೇಲೆ ಪದರ ಹಾಸಿ, ವ್ಯಾಕ್ಯೂಮ್ ಬ್ಯಾಗ್ ಕಟ್ಟಿ ಆಟೊಕ್ಲೇವಿಗೆ ತಳ್ಳುತ್ತಿದ್ದೆವು. 180 ಡಿಗ್ರಿ ಬಿಸಿ, ಸುಮಾರು 7 ಬಾರ್ ಒತ್ತಡ. ಬಿಸಿ ಅಳೆಯುವ ಥರ್ಮೊಕಪಲ್‌ಗಳೆಲ್ಲ ಅಂಚಿನಲ್ಲಿ, ಆಮೇಲೆ ಕತ್ತರಿಸಿ ಬಿಸಾಡುವ ಭಾಗದಲ್ಲಿ. ವಿಮಾನಕ್ಕೆ ಹೋಗುವ ಭಾಗದ ಹೊಟ್ಟೆಯೊಳಗೆ ಲೋಹದ ತಂತಿ ಬಿಟ್ಟು ಬರುವವರು ಯಾರು? ತೆಳ್ಳಗಿನ ಫಲಕಕ್ಕೆ ಇಷ್ಟು ಸಾಕಿತ್ತು. ದಪ್ಪ ಫಲಕದಲ್ಲಿ ರೆಸಿನ್ ಗಟ್ಟಿಯಾಗುತ್ತಾ ತಾನೇ ಬಿಸಿ ಬಿಡುತ್ತದೆ, ಅಡ್ಡಕ್ಕೆ ಆ ಬಿಸಿ ಬೇಗ ಹರಿದು ಹೊರಗೆ ಬರುವುದಿಲ್ಲ. ಹುಲ್ಲು ಹಸಿಯಿದ್ದಾಗಲೇ ಬಣವೆ ಒಟ್ಟಿದರೆ ಒಳಗೊಳಗೇ ಕಾಯುತ್ತದಲ್ಲ, ಹಾಗೆ. ಹೊರಗೆ ಕೈಯಿಟ್ಟವನಿಗೆ ಏನೂ ಗೊತ್ತಾಗುವುದಿಲ್ಲ.

ಒಳಗಿನ ಸುದ್ದಿ ತರುವ ದಾರಿ ಬಹಳ ದೂರದಲ್ಲಿ ತೆರೆಯಿತು. 1978ರಲ್ಲಿ ಕೆನಡಾದ ಒಟ್ಟಾವದ ಸಂವಹನ ಸಂಶೋಧನಾ ಕೇಂದ್ರದಲ್ಲಿ ಕೆನ್ ಹಿಲ್ ಮತ್ತು ಸಂಗಡಿಗರು ಜರ್ಮೇನಿಯಂ ಬೆರೆತ ಗಾಜಿನ ಎಳೆಯೊಳಗೆ ಆರ್ಗಾನ್ ಲೇಸರ್ ಬೆಳಕು ಬಿಟ್ಟಿದ್ದರು. ನಿಮಿಷಗಳು ಕಳೆದಂತೆ ಬೆಳಕು ಮುಂದೆ ಹೋಗುವುದು ಬಿಟ್ಟು ಹಿಂದಕ್ಕೇ ಬರತೊಡಗಿತು! ಬೆಳಕು ಎಳೆಯ ಉದ್ದಕ್ಕೂ ತಾನೇ ಗೆರೆ ಕೊರೆದುಕೊಂಡಿತ್ತು. ಅದೇ ಗ್ರೇಟಿಂಗ್. ಆದರೆ ಕೊರೆದ ಬಣ್ಣಕ್ಕೆ ಮಾತ್ರ ಕೆಲಸ ಮಾಡುತ್ತಿದ್ದುದರಿಂದ ಹತ್ತು ವರ್ಷ ಅದನ್ನು ಕೇಳುವವರು ಕಡಿಮೆ. 1989ರಲ್ಲಿ ಅಮೆರಿಕದ ಯುನೈಟೆಡ್ ಟೆಕ್ನಾಲಜೀಸ್ ಸಂಶೋಧನಾ ಕೇಂದ್ರದ ಮೆಲ್ಟ್ಜ್, ಮೋರಿ, ಗ್ಲೆನ್ ಮೂವರೂ ಪಕ್ಕದಿಂದ ನೇರಳಾತೀತ ಬೆಳಕು ಹಾಯಿಸಿ, ಬೇಕಾದ ಅಳತೆಯ ಗೆರೆ ಕೊರೆದರು. ಆಮೇಲೆ ಈ ವಿದ್ಯೆ ನಿಲ್ಲಲಿಲ್ಲ.

ನಮ್ಮ ಊರಿನಲ್ಲಿ ಈ ಗಾಳಿ ಬೀಸಿದ್ದು ತೊಂಬತ್ತರ ದಶಕದ ಕೊನೆಗೆ. 1998ರಲ್ಲಿ ವಿ. ಕೆ. ಆತ್ರೆಯವರ ಮುಂದಾಳತ್ವದಲ್ಲಿ ಸ್ಮಾರ್ಟ್ ರಚನೆಗಳ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾಯಿತು. 2001ರ ಜನವರಿ 4ರಂದು ಕಾರ್ಬನ್ ರೆಕ್ಕೆಯ ತೇಜಸ್ ಇಲ್ಲಿಂದಲೇ ಮೊದಲ ಸಲ ಹಾರಿತು. ಕಾಂಪೊಸಿಟ್ ಅಂದರೆ ಪ್ಲಾಸ್ಟಿಕ್ ಬಕೆಟ್ಟೇ ಎಂದು ಕೇಳುತ್ತಿದ್ದ ನೆಂಟರು ಅಂದಿನಿಂದ ನನ್ನನ್ನು ಸ್ವಲ್ಪ ಮರ್ಯಾದೆಯಿಂದ ಮಾತಾಡಿಸತೊಡಗಿದರು.

ಗ್ರೇಟಿಂಗ್ ಕೊರೆದ ಎಳೆಯನ್ನು ಪದರಗಳ ನಡುವೆ ಹುದುಗಿಸಿದ ನಮ್ಮ ಬಳಗದ ಮೊದಲ ಫಲಕಗಳ ವಿಷಯ ಹೇಳಲೇಬೇಕು. ಎಳೆಯ ದಪ್ಪ 125 ಮೈಕ್ರಾನ್, ಹತ್ತಿರ ಹತ್ತಿರ ಒಂದು ಪದರದಷ್ಟೇ. ಕಾರ್ಬನ್ ನಾರು ಓಡುವ ದಿಕ್ಕಿಗೇ ಇಟ್ಟರೆ ಮಗು ಮಡಿಲಲ್ಲಿ ಮಲಗಿದ ಹಾಗೆ ಕೂರುತ್ತದೆ. ಅಡ್ಡ ಇಟ್ಟರೆ ಎರಡೂ ಪಕ್ಕ ಕಣ್ಣಿನ ಆಕಾರಕ್ಕೆ ರೆಸಿನ್ ನಿಂತುಬಿಡುತ್ತದೆ. ಟೆಲಿಫೋನ್ ಫೈಬರಿನ ಅಕ್ರಿಲೇಟ್ ಲೇಪ 180 ಡಿಗ್ರಿ ತಾಳುವಂಥದ್ದಲ್ಲ, ಪಾಲಿಇಮೈಡ್ ಲೇಪದ್ದೇ ಬೇಕು. ಇವನ್ನೆಲ್ಲ ಕಲಿತ ಮೇಲೂ ಬ್ಯಾಗ್ ಬಿಚ್ಚಿದಾಗ ಎಳೆ ಅಂಚಿನಲ್ಲಿ ಪಟ್ಟನೆ ಮುರಿದಿರುತ್ತಿತ್ತು. ಹೊರಗೆ ಚಾಚಿದ ಬಾಲಕ್ಕೆ ರೆಸಿನ್ ಹರಿದು, ಗಟ್ಟಿಯಾಗಿ, ಮುಟ್ಟಿದರೆ ಮುರಿಯುವ ಕಡ್ಡಿ. ಒಳಗೆ ಗ್ರೇಟಿಂಗ್ ಚೆನ್ನಾಗಿದ್ದರೂ ಅದರ ಮಾತು ಕೇಳುವ ಬಾಗಿಲೇ ಮುಚ್ಚಿತು! ಒಂದು ಮಧ್ಯಾಹ್ನ ಸಣ್ಣ ಟೆಫ್ಲಾನ್ ನಳಿಗೆಯಲ್ಲಿ ಬಾಲವನ್ನು ಪೋಣಿಸಿ, ನಳಿಗೆಯ ತುದಿಯನ್ನು ಅಂಚಿನೊಳಗೆ ಒಂದು ಬೆರಳಷ್ಟು ತೂರಿಸಿ ಹಾಸಿದೆ. ಮರುದಿನ ಎಳೆ ಜೀವಂತವಾಗಿ ಹೊರಬಂತು. ಬೇರೆ ದೇಶಗಳಲ್ಲಿ ಇದನ್ನು ಮೊದಲೇ ಮಾಡುತ್ತಿದ್ದರಂತೆ. ಇರಲಿ, ನಮ್ಮ ಶೆಡ್ಡಿನಲ್ಲಿ ಮಾಡಿದವನು ನಾನು.

ಇನ್ನೊಂದು ತೊಡಕು ನಮ್ಮ ಮುಖ್ಯಸ್ಥರು ಬಿಡಿಸಿದ್ದು. 1550 ನ್ಯಾನೊಮೀಟರಿನ ಗ್ರೇಟಿಂಗ್ ಹಿಂದಕ್ಕೆ ಕಳಿಸುವ ಬೆಳಕಿನ ಬಣ್ಣ ಒಂದು ಡಿಗ್ರಿ ಬಿಸಿಗೆ ಸುಮಾರು 10 ಪಿಕೊಮೀಟರ್ ಜರುಗುತ್ತದೆ. ಎಳೆದರೂ ಜರುಗುತ್ತದೆ. ಜರುಗಿದ್ದು ಬಿಸಿಗೋ ಎಳೆತಕ್ಕೋ? ಅದಕ್ಕೆ ಅವರು ಒಂದು ಗ್ರೇಟಿಂಗನ್ನು ಸೂಜಿಯಂಥ ಕೊಳವೆಯೊಳಗೆ ಸಡಿಲವಾಗಿ ಬಿಟ್ಟರು. ಅದಕ್ಕೆ ಬಿಸಿ ಮಾತ್ರ ತಾಗುತ್ತದೆ, ಎಳೆತ ತಾಗುವುದಿಲ್ಲ. ಪಕ್ಕದ ಬರಿಯ ಗ್ರೇಟಿಂಗಿನ ಲೆಕ್ಕದಿಂದ ಇದನ್ನು ಕಳೆದರೆ ಉಳಿದದ್ದು ಎಳೆತ. ದಪ್ಪ ಫಲಕವೊಂದರ ನಡುವಿನ ಬಿಸಿಯ ಗೆರೆ ಅಂಚಿನ ಥರ್ಮೊಕಪಲ್ ಗೆರೆಯನ್ನು ದಾಟಿ ಮೇಲೇರಿದ ರಾತ್ರಿ ಕಂಟ್ರೋಲ್ ರೂಮಿನಲ್ಲಿ ನಾವು ನಾಲ್ಕು ಜನ ಇದ್ದೆವು. ಯಾರೂ ಮಾತಾಡಲಿಲ್ಲ. ಕ್ಯಾಂಟೀನ್ ಮುಚ್ಚಿತ್ತು, ಫ್ಲಾಸ್ಕಿನಲ್ಲಿದ್ದ ತಣ್ಣನೆಯ ಕಾಫಿಯನ್ನೇ ಹಂಚಿಕೊಂಡೆವು.

ನಡುವೆ ಎಳೆ ಹುದುಗಿಸಿದರೆ ಫಲಕ ಬಲ ಕಳೆದುಕೊಳ್ಳುತ್ತದೆಯೇ ಎಂಬ ವಿಷಯದಲ್ಲಿ ಬಳಗದಲ್ಲಿ ಕೆಲವು ಭಿನ್ನಾಭಿಪ್ರಾಯಗಳು ಬಂದದ್ದು ನಿಜ. ಒಂದು ಕೋಣೆ ಎರಡು ಕೋಣೆಯಾಯಿತು, ಕಾಫಿಯ ಹೊತ್ತೂ ಬೇರೆಯಾಯಿತು. ವಾದಿಸಿದ ಇಬ್ಬರೂ ಹಿರಿಯರೇ, ಇಬ್ಬರ ಕೈಕೆಳಗೂ ಕೆಲಸ ಕಲಿತವನು ನಾನು. ಅಷ್ಟು ಸಾಕು.

ಆಮೇಲಿನ ವರ್ಷಗಳು ಶಾಂತವಾಗಿ ಸಾಗಿದವು. ಉಪಕರಣಗಳು ಬದಲಾದವು, ನನ್ನ ಕನ್ನಡಕವೂ ಎರಡು ಸಲ ಬದಲಾಯಿತು. ನಾಸಾದ ಲ್ಯಾಂಗ್ಲಿಯಲ್ಲಿ ಫ್ರಾಗಟ್ ಮತ್ತು ಮೂರ್ 1998ರಲ್ಲೇ ತೋರಿಸಿದ್ದ ವಿಧಾನ ನಮ್ಮಲ್ಲಿಗೂ ಬಂತು. ಅದರಲ್ಲಿ ಗ್ರೇಟಿಂಗೇ ಬೇಡ, ಸಾದಾ ಎಳೆಯಿಂದ ಚದುರಿ ಹಿಂದಿರುಗುವ ಬೆಳಕೇ ಉದ್ದಕ್ಕೂ ಎಲ್ಲೆಲ್ಲಿ ಎಷ್ಟು ಎಳೆತ ಎಂದು ಹೇಳುತ್ತದೆ. ದುಡಿದವರ ಹೆಸರಿನ ಪಟ್ಟಿಯನ್ನು ಸಮಿತಿಯವರು ಬೇರೆಯಾಗಿ ಅಚ್ಚು ಹಾಕುತ್ತಾರಂತೆ. ಹೆಲ್ಪರುಗಳನ್ನು ಬಿಡಬೇಡಿ ಎಂದು ಮತ್ತೆ ಕೇಳಿಕೊಳ್ಳುತ್ತೇನೆ.

ನಳಿಗೆ ಹಾಕಿದ ಆ ಮೊದಲ ಫಲಕ ಸ್ಟೋರಿನ ಅಲ್ಮೆರಾ ಮೇಲೆ ಹಳೆಯ ಪತ್ರಿಕೆ ಸುತ್ತಿಕೊಂಡು ಇನ್ನೂ ಇದೆ. ವಸ್ತುಪ್ರದರ್ಶನಕ್ಕೆ ಇಡುವುದಾದರೆ ಎಡಗಡೆಯ ಅಂಚು ಹಿಡಿದು ಎತ್ತಬೇಡಿ, ಬಾಲ ಇನ್ನೂ ಮುರಿದಿಲ್ಲ.